ಅಂಗಡಿಯಲ್ಲಿ ಸಿಕ್ಕ ಆ ಅಣ್ಣನಿಗೆ

ಅಕ್ಟೋಬರ್ 31ರ ಹ್ಯಾಲೋವೀನ್‌ಗೆ ಕುವೆಂಪುನಗರದ ನಮ್ಮ ಕಾರ್ ಶೆಡ್ಡನ್ನೇ ದೆವ್ವದ ಮನೆ ಮಾಡಿದ್ದೆವು. ಯಾರಾದರೂ ಕಾಲಿಟ್ಟರೆ ಸಾಕು, ಪಿಐಆರ್ ಸೆನ್ಸರ್ ಮೈಬಿಸಿ ಹಿಡಿದು, ರಿಲೇ ಅನ್ನೋ ಸ್ವಿಚ್ ಟಕ್ ಅಂದು, ವೈಪರ್ ಮೋಟಾರ್ ಬಿಳಿ ಸೀರೆಯ ಬೊಂಬೆಯನ್ನು ಎಬ್ಬಿಸಬೇಕು. ಆದರೆ ಮೋಟಾರ್ ತಿರುಗಿದ ಕೂಡಲೇ ಇದನ್ನೆಲ್ಲ ನಡೆಸುವ ಪುಟ್ಟ ಕಂಪ್ಯೂಟರ್ ಬೋರ್ಡ್ ಆರ್ಡುಯಿನೋ ರೀಸೆಟ್ ಆಗುತ್ತಿತ್ತು.

ಅಣ್ಣಾ, ಬಿಡಿಭಾಗದ ಅಂಗಡಿಯಲ್ಲಿ ನೀವು ಸುಮ್ನೆ ಪಕ್ಕದಲ್ಲಿ ನಿಂತಿದ್ದವರು. ಬಿಲ್ಲಿನ ಹಿಂದೆ ಸರ್ಕ್ಯೂಟ್ ಬರೆದುಕೊಟ್ಟಿರಿ. "ಮೋಟಾರಿಗೆ 12 ವೋಲ್ಟ್ ಬೇರೆ ಸಪ್ಲೈ ಕೊಡಿ. ಮೋಟಾರಿನ ಎರಡು ವೈರಿಗೆ ಅಡ್ಡಲಾಗಿ ಒಂದು ಡಯೋಡ್ ಹಾಕಿ, ಅದು ಕರೆಂಟನ್ನು ಒಂದೇ ಕಡೆಗೆ ಬಿಡುತ್ತೆ; ಅದರ ಬೆಳ್ಳಿ ಗೆರೆ ಪ್ಲಸ್ ಕಡೆಗೇ ಇರಲಿ." ಮೋಟಾರ್ ಆಫ್ ಆದಾಗ ವಾಪಸ್ ಬರುವ ಕರೆಂಟಿನ ಹೊಡೆತವನ್ನು ಅದು ತಡೆಯುತ್ತದೆ ಅಂತ ತಾಳ್ಮೆಯಿಂದ ಬಿಡಿಸಿ ಹೇಳಿದಿರಿ. ಇಷ್ಟು ಹೇಳುವವರು ಎಷ್ಟು ಜನ ಇದ್ದಾರೆ?

ಬೊಂಬೆ ಎದ್ದಾಗ ಪಕ್ಕದ ಮನೆ ಪುಟ್ಟಿ ಕಿರುಚಿಕೊಂಡು ಓಡಿ, ಮತ್ತೆ ಬಂದು "ಇನ್ನೊಂದ್ ಸಲ" ಅಂದಳು. ಆ ಖುಷಿಯೆಲ್ಲ ನಿಮ್ಮಿಂದ. ನಿಮ್ಮ ಹೆಸರು ಗೊತ್ತಿಲ್ಲ, ತುಂಬಾ ಥ್ಯಾಂಕ್ಸ್ ಅಣ್ಣಾ.