ಅಜ್ಜಿಗೆ ಕಾಣದ ಹಕ್ಕಿ

ಮಾನ್ಯ ಸಂಪಾದಕರೇ,

ಮೊನ್ನೆ ಒಂದು ಪಾರ್ಕಿನಲ್ಲಿ ಆಗ್ಮೆಂಟೆಡ್ ರಿಯಾಲಿಟಿ, ಅಂದರೆ ಎದುರಿನ ಜಾಗದಲ್ಲಿ ಇಲ್ಲದ್ದನ್ನು ಫೋನಿನ ಕ್ಯಾಮೆರಾ ಮೂಲಕ ಇರುವ ಹಾಗೆ ತೋರಿಸುವ ತಂತ್ರದ ಕಲಾ ಪ್ರದರ್ಶನ ಇದೆ ಅಂತ ಹೋಗಿದ್ದೆ. ಹೋಗಿ ನೋಡಿದರೆ ಖಾಲಿ ಹುಲ್ಲು. ಕಂಬಕ್ಕೆ ಅಂಟಿಸಿದ್ದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ, ಆ್ಯಪ್ ಇಳಿಸಿಕೊಂಡು, ಕ್ಯಾಮೆರಾಗೂ ಲೊಕೇಶನ್‌ಗೂ ಅನುಮತಿ ಕೊಟ್ಟು, ಫೋನನ್ನು ಆ ಕಡೆ ಈ ಕಡೆ ತಿರುಗಿಸಿದ ಮೇಲೆ ಮರದಷ್ಟು ಎತ್ತರದ ಒಂದು ಹಕ್ಕಿ ಕಾಣಿಸಿತು. ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ? ಅದು ರೆಕ್ಕೆ ಬಿಚ್ಚಿದಾಗ ನಾನು ಸುಮ್ನೆ ತಲೆ ತಗ್ಗಿಸಿಬಿಟ್ಟೆ. ಆದರೆ ಹಕ್ಕಿಯ ಕಾಲು ನೆಲದಿಂದ ಒಂದು ಮೊಳ ಮೇಲಿತ್ತು. ಕ್ಯಾಮೆರಾಗೆ ಕಾಣುವ ಗುರುತುಗಳನ್ನು ಹಿಡಿದು ಫೋನು ನೆಲ ಎಲ್ಲಿದೆ ಅಂತ ಲೆಕ್ಕ ಹಾಕುತ್ತದೆ, ಒಂದೇ ಥರದ ಹುಲ್ಲಿನಲ್ಲಿ ಅದು ಸುಲಭವಲ್ಲ. ಬಿಸಿಲಿಗೆ ಸ್ಕ್ರೀನ್ ಬೇರೆ ಸರಿಯಾಗಿ ಕಾಣುತ್ತಿರಲಿಲ್ಲ, ಫೋನು ಇಸ್ತ್ರಿಪೆಟ್ಟಿಗೆಯ ಹಾಗೆ ಕಾದಿತ್ತು.

ಪಕ್ಕದ ಬೆಂಚಿನಲ್ಲಿ ಕೂತಿದ್ದ ಅಜ್ಜಿಯೊಬ್ಬರು "ಏನಪ್ಪಾ, ಅಲ್ಲಿ ಏನಿದೆ?" ಅಂತ ಕೇಳಿದರು. ಅವರ ಕೈಯಲ್ಲಿದ್ದದ್ದು ಬಟನ್ ಫೋನ್. ನನ್ನದನ್ನೇ ಕೊಟ್ಟೆ. ಅವರಾದ ಮೇಲೆ ಇಬ್ಬರು ಮಕ್ಕಳು, ಆಮೇಲೆ ಆ್ಯಪ್ ಓಡದ ಹಳೇ ಫೋನಿನ ಒಬ್ಬರು. ಅರ್ಧ ಗಂಟೆಗೆ ಬ್ಯಾಟರಿ ಖಾಲಿ. ಅಲ್ಲಿಗೆ ನಮ್ಮೈದು ಜನರ ಪಾಲಿಗೆ ಪ್ರದರ್ಶನವೂ ಮುಗಿಯಿತು.

ಇದನ್ನು 'ಸಾರ್ವಜನಿಕ ಕಲೆ' ಅಂತ ಕರೆಯುವುದು ಹೇಗೆ, ಹೇಳಿ? ಕಲ್ಲಿನ ಪ್ರತಿಮೆಯನ್ನು ಬೇಡ ಅಂದರೂ ನೋಡಲೇಬೇಕು, ಅಲ್ವಾ?

ಈ ಕಲೆಯನ್ನೇ ಬೇಡ ಅನ್ನುತ್ತಿಲ್ಲ. 2010ರಲ್ಲಿ ಸ್ಯಾಂಡರ್ ವೀನ್‌ಹಾಫ್ ಮತ್ತು ಮಾರ್ಕ್ ಸ್ಕ್ವಾರೆಕ್ ಎಂಬ ಕಲಾವಿದರು ನ್ಯೂಯಾರ್ಕಿನ ಮೋಮಾ ಎಂಬ ಆಧುನಿಕ ಕಲೆಯ ಮ್ಯೂಸಿಯಂ ಒಳಗೆ ಯಾರನ್ನೂ ಕೇಳದೆ ಇಂಥದ್ದೇ ಪ್ರದರ್ಶನ ಮಾಡಿದ್ದರು. ಗೋಡೆಗೆ ಒಂದು ಮೊಳೆ ಹೊಡೆಯಲಿಲ್ಲ, ಒಬ್ಬರ ಅಪ್ಪಣೆಯೂ ಬೇಕಾಗಲಿಲ್ಲ. ಕೋವಿಡ್ ಕಾಲದಲ್ಲಿ, 2020ರ ಡಿಸೆಂಬರ್‌ನಲ್ಲಿ, ಲಂಡನ್‌ನ ಥೇಮ್ಸ್ ದಡದಲ್ಲಿ 36 ಡಿಜಿಟಲ್ ಶಿಲ್ಪಗಳನ್ನು ಇಟ್ಟಿದ್ದರು. ಈ ತಂತ್ರದಿಂದ ಏನೇನು ಸಾಧ್ಯ ಅನ್ನುವುದು ನನಗೂ ಗೊತ್ತು. ಅದಕ್ಕೇ ಜಾಸ್ತಿ ಬೇಜಾರು.

ಇನ್ನೊಂದು ತಲೆನೋವು, ಕೆಲಸವೆಲ್ಲ ಯಾವುದೋ ಕಂಪನಿಯ ಆ್ಯಪ್ ಮೇಲೆ ನಿಂತಿರುತ್ತದೆ. 2025ರ ಜನವರಿಯಲ್ಲಿ ಇನ್‌ಸ್ಟಾಗ್ರಾಂನ ಒಡೆಯ ಕಂಪನಿ ಮೆಟಾ, ಕ್ಯಾಮೆರಾದಲ್ಲಿ ಕಾಣುವ ಇಂಥ ಎಫೆಕ್ಟ್‌ಗಳನ್ನು ಮಾಡುವ ತನ್ನ ಸ್ಪಾರ್ಕ್ ವೇದಿಕೆಯನ್ನು ಮುಚ್ಚಿತು, ಹೊರಗಿನ ಕಲಾವಿದರು ಅದರಲ್ಲಿ ಮಾಡಿದ್ದ ಎಫೆಕ್ಟ್‌ಗಳೆಲ್ಲ ಇನ್‌ಸ್ಟಾಗ್ರಾಂನಿಂದ ಮಾಯವಾದವು. ವರ್ಷಗಟ್ಟಲೆ ಕೂತು ಮಾಡಿದ ಕೆಲಸ! ಒಡೆದ ಪ್ರತಿಮೆಯ ಚೂರಾದರೂ ಉಳಿಯುತ್ತದೆ, ಇಲ್ಲಿ ಅದೂ ಇಲ್ಲ.

ಆಯೋಜಕರು ಒಂದು ಟೇಬಲ್ ಹಾಕಿ, ನಾಲ್ಕು ಫೋನು ಚಾರ್ಜ್ ಮಾಡಿ ಇಟ್ಟು, ಬಂದವರಿಗೆ ಕೈಗೆ ಕೊಟ್ಟರೆ ಸಾಕು. ಆ್ಯಪ್ ಇಳಿಸುವ ರಗಳೆ ಇಲ್ಲದೆ ಬ್ರೌಸರ್‌ನಲ್ಲೇ ತೆರೆಯುವ ಹಾಗೆ ಮಾಡಲು ಬರುತ್ತದೆ, ಹಾಗೆ ಮಾಡಲಿ. ಹಕ್ಕಿಯನ್ನು ನೆರಳಿರುವ ಕಡೆ ಇಡಲಿ. ಕಂಬದಲ್ಲಿ ಬರೀ ಕೋಡ್ ಅಂಟಿಸದೆ, ಕಲಾವಿದರ ಹೆಸರು, ಒಂದು ಚಿತ್ರ, ಎಲ್ಲಿಯವರೆಗೆ ಇರುತ್ತದೆ ಅನ್ನುವ ತಾರೀಕು, ಇಷ್ಟನ್ನು ದೊಡ್ಡ ಅಕ್ಷರದಲ್ಲಿ ಬರೆದು ಹಾಕಲಿ.

ಅಜ್ಜಿ ಎದ್ದು ಹೊರಡುವಾಗ "ಮೊಮ್ಮಗಳನ್ನ ಕರ್ಕೊಂಡು ಬರ್ತೀನಿ, ಭಾನುವಾರ ಇರುತ್ತಾ ಇದು?" ಅಂತ ಕೇಳಿದರು. ಕಂಬದ ಸುತ್ತ ಒಂದು ಸುತ್ತು ಬಂದು ಹುಡುಕಿದೆ. ಎಲ್ಲೂ ಬರೆದಿರಲಿಲ್ಲ.

– ನಿಮ್ಮ ಓದುಗ