ಕಾಣದ ಕತ್ತರಿ: ಮಗಳಿಗೊಂದು ಪತ್ರ

ಕಲಬುರಗಿ
ಭಾನುವಾರ ಮಧ್ಯಾಹ್ನ

ಮಗಳೆ,

ಫೋನಿನಲ್ಲಿ ಹೇಳಲು ಹೋದರೆ "ಆಯ್ತಪ್ಪ, ಮೀಟಿಂಗ್ ಇದೆ" ಅಂತ ಇಟ್ಟುಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಅಂಗಡಿಗೆ ಇವತ್ತು ರಜೆ. ಹೊರಗೆ ಬಿಸಿಲು ಹೇಗಿದೆ ಅಂತ ನಿನಗೆ ಹೇಳಬೇಕಾಗಿಲ್ಲ.

ಕೆಲವು ತಿಂಗಳಿಂದ ಅಂಗಡಿಯಲ್ಲಿ ಕತ್ತರಿ ಕಾಣೆಯಾಗುತ್ತಿತ್ತು. ಮಷಿನ್ನಿನ ಎಡಕ್ಕೆ ಇಟ್ಟಿರುತ್ತಿದ್ದೆ, ಬೇಕಾದಾಗ ಇಲ್ಲ. ಕಾಜಾ ಹಾಕುವ ಹುಡುಗನಿಗೆ ಎಷ್ಟು ಸಲ ಬೈದೆನೋ. ಪಾಪ, ಅವನು ಪ್ರತಿ ಸಲ ಅಲ್ಲೇ ಇದ್ದದ್ದನ್ನು ಎತ್ತಿ ಕೈಗೆ ಕೊಡುತ್ತಿದ್ದ. ಆಮೇಲೆ ಒಂದು ಸಂಜೆ ಸೂಪರ್ ಮಾರ್ಕೆಟ್ ಹತ್ತಿರ ಎಡಗಡೆಯಿಂದ ಬಂದ ಸ್ಕೂಟರ್ ತಾಗಿ ಬಿದ್ದೆ. ಮೊಣಕಾಲು ತರಚಿತು, ಅಷ್ಟೇ. ನಿನಗೆ ಹೇಳಿರಲಿಲ್ಲ, ಸಿಟ್ಟಾಗಬೇಡ.

ಸೂಜಿಗೆ ದಾರ ಮಾತ್ರ ಸರಿಯಾಗಿ ಪೋಣಿಸುತ್ತಿದ್ದೆ. ಹಾಗಾಗಿ ಕಣ್ಣಿನ ಮೇಲೆ ಅನುಮಾನವೇ ಬರಲಿಲ್ಲ. ಹತ್ತಿರದ್ದು ಮಸುಕಾಗುವ ಚಾಳೀಸು ನನಗೆ ಎಂದೋ ಬಂದಿತ್ತು. ಚಾಲೀಸ್ ಅಂದರೆ ನಲವತ್ತು, ಆ ವಯಸ್ಸಿಗೆ ಎಲ್ಲರಿಗೂ ಬರುವುದೇ. ಚಷ್ಮಾ ಅಂಗಡಿಯಲ್ಲಿ ಬೋರ್ಡಿನ ಅಕ್ಷರ ಓದಿಸಿ ನಂಬರ್ ಬದಲಿಸುತ್ತಿದ್ದರು. ಆ ಬೋರ್ಡಿಗೆ ಗೊತ್ತಾಗುವುದು ನೇರ ನೋಟ ಮಾತ್ರ. ಪಕ್ಕದ್ದನ್ನು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಕಣ್ಣಿನ ಡಾಕ್ಟರು ಹೇಳಿದ್ದು ಗ್ಲುಕೋಮಾ. ಪಕ್ಕದ ಅಂಗಡಿಯ ಚಾಚಾ ಅದಕ್ಕೆ ಕಾಲಾ ಮೋತಿಯಾ ಅಂತಾರೆ. ಕಣ್ಣೊಳಗೆ ನೀರಿನಂಥದ್ದೊಂದು ಹುಟ್ಟುತ್ತಾ, ಹರಿದು ಹೋಗುತ್ತಾ ಇರುತ್ತದೆ. ಹೋಗುವ ದಾರಿ ಕಟ್ಟಿದರೆ ಒಳಗೆ ಒತ್ತಡ ಏರಿ, ಮಿದುಳಿಗೆ ಹೋಗುವ ನರ ಸವೆಯುತ್ತದೆ. ಸಾಮಾನ್ಯವಾಗಿ ಒತ್ತಡ 10ರಿಂದ 21ರೊಳಗೆ ಇರುತ್ತದೆ. ನನ್ನ ಎಡಗಣ್ಣಿನಲ್ಲಿ 32 ಇತ್ತು. ನೋವಿಲ್ಲ, ಕೆಂಪಾಗುವುದಿಲ್ಲ. ಅಂಚು ಹೊಲಿಯದ ಬಟ್ಟೆ ಎಳೆ ಎಳೆಯಾಗಿ ಬಿಚ್ಚಿಕೊಳ್ಳುವ ಹಾಗೆ, ಸುಮ್ನೆ ಅಂಚಿನಿಂದ ಒಳಕ್ಕೆ ಬರುತ್ತದೆ. ಹೋದ ನೋಟ ವಾಪಸ್ ಬರುವುದಿಲ್ಲ. ಉಳಿದದ್ದನ್ನು ಉಳಿಸಿಕೊಳ್ಳಲು ದಿನಾ ರಾತ್ರಿ ಡ್ರಾಪ್ಸ್. ಹಾಕಿ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಎರಡು ನಿಮಿಷ ಒತ್ತಿ ಹಿಡಿಯಬೇಕು. ನಿಮ್ಮವ್ವ ಗಡಿಯಾರ ನೋಡುತ್ತಾ ಎದುರಿಗೇ ಕೂರುತ್ತಾಳೆ. ಅವಳ ಸಕ್ಕರೆ ಕಾಯಿಲೆಗೂ ವರ್ಷಕ್ಕೊಮ್ಮೆ ಕಣ್ಣಿನ ಪರದೆ ತೋರಿಸಬೇಕಂತೆ. ಈ ಸಲ ಅವಳನ್ನೂ ಕೂರಿಸಿದೆ, ಸದ್ಯ ಏನೂ ಇಲ್ಲ.

ಇಷ್ಟೇ ಆಗಿದ್ದರೆ ಬರೆಯುತ್ತಿರಲಿಲ್ಲ. "ಮನೆಯಲ್ಲಿ ಯಾರಿಗಾದರೂ ಇತ್ತಾ?" ಅಂತ ಡಾಕ್ಟರು ಕೇಳಿದರು. ನಿನ್ನ ಆಯಿ, ನನ್ನ ಹೆತ್ತವ್ವ, ಕಣ್ಮುಂದೆ ಬಂದಳು. ಡಾ. ಎಂ.ಸಿ. ಮೋದಿ ಅವರಂಥವರು ಊರೂರಿಗೆ ಹೋಗಿ ಶಿಬಿರ ಹಾಕಿ ಪೊರೆ ತೆಗೆಯುತ್ತಿದ್ದ ಕಾಲ ಅದು. ಅಂಥದ್ದೇ ಒಂದು ಶಿಬಿರದಲ್ಲಿ ಆಯಿಗೂ ಆಪರೇಷನ್ ಆಯಿತು. ಈಗಿನ ಹಾಗೆ ಕಣ್ಣೊಳಗೆ ಲೆನ್ಸ್ ಕೂರಿಸಲಿಲ್ಲ, ಸೋಡಾ ಬಾಟಲಿಯ ತಳದಂಥ ಚಷ್ಮಾ ಕೊಟ್ಟರು. ಮೊದಲು ಚೆನ್ನಾಗೇ ಇದ್ದಳು. ಕೆಲವು ವರ್ಷಕ್ಕೆ ಬಾಗಿಲ ಚೌಕಟ್ಟಿಗೆ ಭುಜ ಬಡಿಸಿಕೊಳ್ಳತೊಡಗಿದಳು. ಊಟಕ್ಕೆ ಕೂತರೆ ಪಕ್ಕದ ತಂಬಿಗೆ ಉರುಳಿಸುತ್ತಿದ್ದಳು. ಆಪರೇಷನ್ ಕೆಟ್ಟಿತು ಅಂದೆವು, ವಯಸ್ಸಾಯಿತು ಅಂದೆವು. ಮತ್ತೆ ಯಾರೂ ತೋರಿಸಲಿಲ್ಲ. ಅದು ಇದೇನಾ ಅಂತ ಈಗ ಯಾರು ಹೇಳಬೇಕು? ಆದರೆ ಡಾಕ್ಟರ ಎದುರು ಕೂತಾಗ ನನಗೆ ಆ ತಂಬಿಗೆಯ ಸದ್ದೇ ಕೇಳಿಸಿತು.

ಅಪ್ಪನಿಗೋ ಅವ್ವನಿಗೋ ಒಡಹುಟ್ಟಿದವರಿಗೋ ಇದ್ದರೆ, ಉಳಿದವರಿಗೆ ಬರುವ ಸಾಧ್ಯತೆ ಹಲವು ಪಟ್ಟು ಜಾಸ್ತಿ. ಮೈನಸ್ ನಂಬರ್ ಜಾಸ್ತಿ ಇದ್ದವರಿಗೂ ಹಾಗೇ. ನಿನಗೆ ಎರಡೂ ಇವೆ. ನಿನ್ನ ಕಾಕಾನಿಗೆ ಹೇಳಿದ್ದೇನೆ, "ನನಗೇನಾಗಿದೆ" ಅಂತ ನಕ್ಕ. ನೀನು ನಗಬೇಡ ತಾಯಿ. ಚಷ್ಮಾ ಅಂಗಡಿಗಲ್ಲ, ಕಣ್ಣಿನ ಡಾಕ್ಟರ ಹತ್ತಿರ ಹೋಗು. ಅಪ್ಪನಿಗೆ ಗ್ಲುಕೋಮಾ ಇದೆ ಅಂತ ಮೊದಲೇ ಹೇಳು. ಒತ್ತಡ ಅಳೆಯುತ್ತಾರೆ. ಒತ್ತಡ ಸರಿಯಿದ್ದವರಿಗೂ ಇದು ಬರುವುದುಂಟು, ಹಾಗಾಗಿ ನರವನ್ನೂ ನೋಡಬೇಕು. ಬೇಕೆನಿಸಿದರೆ ಪಕ್ಕದ ನೋಟದ ಪರೀಕ್ಷೆ ಮಾಡುತ್ತಾರೆ: ನಡುವಿನ ಚುಕ್ಕೆ ನೋಡುತ್ತಾ ಕೂತು, ಬೆಳಕು ಮಿನುಗಿದಾಗ ಬಟನ್ ಒತ್ತುವುದು. ಹತ್ತು ನಿಮಿಷದಲ್ಲಿ ಬೇಜಾರಾಗುತ್ತದೆ, ತಡೆದುಕೋ.

ಇನ್ನೊಂದು. ಯುಗಾದಿಗೆ ಬಂದಾಗ ನಿನ್ನ ಬ್ಯಾಗಿನಲ್ಲಿ ಕಣ್ಣಿನ ಡ್ರಾಪ್ಸ್ ನೋಡಿದೆ. ಕಣ್ಣು ಕೆಂಪಾದಾಗೆಲ್ಲ ಮೆಡಿಕಲ್ ಶಾಪಿನಲ್ಲಿ ತಗೋತೀನಿ ಅಂದೆ. ಅದರಲ್ಲಿ ಸ್ಟೆರಾಯ್ಡ್ ಇದ್ದರೆ ಕಣ್ಣಿನ ಒತ್ತಡ ಏರಬಹುದು, ಬೇಗ ಪೊರೆಯೂ ಬರಬಹುದು. ಆ ಬಾಟಲಿ ಡಾಕ್ಟರಿಗೆ ತೋರಿಸು. ನಿನ್ನ ಕಣ್ಣುರಿಗೆ ಕಾರಣ ಬಹುಶಃ ಆ ಕಂಪ್ಯೂಟರ್. ಪರದೆ ನೋಡುವಾಗ ರೆಪ್ಪೆ ಬಡಿಯುವುದೇ ಕಡಿಮೆ, ಕಣ್ಣು ಒಣಗುತ್ತದೆ. 20 ನಿಮಿಷಕ್ಕೊಮ್ಮೆ 20 ಅಡಿ ಆಚೆಯದನ್ನು 20 ಸೆಕೆಂಡ್ ನೋಡು ಅಂತಾರೆ. ಬೆಂಗಳೂರಿನಲ್ಲಿ ನಿನ್ನ ಕಿಟಕಿಯಿಂದ ಅಷ್ಟು ದೂರ ಕಾಣುತ್ತದೋ ಇಲ್ಲವೋ.

ಪಂಚಮಿಗೆ ಬರುವಾಗ ಡಾಕ್ಟರ ಚೀಟಿ ತಗೊಂಡು ಬಾ. ನಿನ್ನ ಕರಿ ಬ್ಲೌಸು ಕತ್ತರಿಸಿ ಇಟ್ಟಿದ್ದೇನೆ. ಕರಿ ಬಟ್ಟೆ, ಕರಿ ದಾರ, ಹಗಲಲ್ಲೇ ಹೊಲಿಯಬೇಕು. ತೋಳಿನ ಅಳತೆ ಹಳೇದೇ ಇದೆ. ಬದಲಾಗಿದ್ದರೆ ಬರೆದು ಕಳಿಸು.

ನಿನ್ನ ಅಪ್ಪ