ಸಂಜೆ ಐದಕ್ಕೆ ಬಂದವನ ಕೂಲಿ: ಕೋಲಾರದ ಗೆಳೆಯನಿಗೊಂದು ಪತ್ರ

ಚಿಕ್ಕಬಳ್ಳಾಪುರ

ಪ್ರಿಯ ಗೆಳೆಯನಿಗೆ,

ಕರ್ತನಾದ ಯೇಸುವಿನ ನಾಮದಲ್ಲಿ ವಂದನೆಗಳು. ನಿನ್ನ ಪತ್ರ ತಲುಪಿತು. ಕ್ಷೇಮಸಮಾಚಾರವನ್ನು ಫೋನಿನಲ್ಲಿ ಮಾತನಾಡೋಣ. ನೀನು ಕೇಳಿರುವ ಪ್ರಶ್ನೆಗೆ ನೇರವಾಗಿ ಬರುತ್ತೇನೆ, ಏಕೆಂದರೆ ಅದನ್ನು ಬರೆಯುವಾಗ ನಿನ್ನ ಮನಸ್ಸು ಎಷ್ಟು ಕಹಿಯಾಗಿತ್ತೆಂಬುದು ಸಾಲುಸಾಲಿನಲ್ಲೂ ತಿಳಿಯುತ್ತದೆ. ಬದುಕಿನುದ್ದಕ್ಕೂ ಕುಡಿದು, ಹೆಂಡತಿಯ ಒಡವೆಯನ್ನೂ ಅವಳ ತವರಿನಿಂದ ಬಂದ ಜಮೀನನ್ನೂ ಕಳೆದು, ಮಕ್ಕಳು ಮನೆ ಬಿಟ್ಟು ಹೋಗುವಂತೆ ಮಾಡಿದ ಒಬ್ಬ ಮನುಷ್ಯ, ಆಸ್ಪತ್ರೆಯ ಹಾಸಿಗೆಯಿಂದ ಅಯ್ಯನವರನ್ನು ಕರೆಸಿ, ತನ್ನ ಪಾಪಗಳನ್ನು ಅರಿಕೆ ಮಾಡಿ, ಕರ್ತನ ಭೋಜನವನ್ನು ಸ್ವೀಕರಿಸಿ, ಕೆಲವೇ ದಿನಗಳಲ್ಲಿ ತೀರಿಕೊಂಡ. ಸಮಾಧಿಯ ಆರಾಧನೆಯಲ್ಲಿ ಅವನು ಕರ್ತನಲ್ಲಿ ನಿದ್ರೆಹೋದನೆಂದು ಹೇಳಿದರು. ಸಭೆಯ ಲೆಕ್ಕಪತ್ರವನ್ನು ಒಂದು ರೂಪಾಯಿ ಆಚೀಚೆಯಾಗದಂತೆ ನೋಡಿಕೊಂಡು, ಸಂಡೇ ಸ್ಕೂಲ್ ನಡೆಸಿ, ದಶಮಾಂಶ ತಪ್ಪಿಸದೆ ಬದುಕಿದ ನೀನು ಹಿಂದಿನ ಬೆಂಚಿನಲ್ಲಿ ಕುಳಿತು ಅದನ್ನು ಕೇಳಿಸಿಕೊಂಡೆ. “ಅವನಿಗೂ ಅದೇ, ನನಗೂ ಅದೇ ಎಂದಾದರೆ ನಾನು ಇಷ್ಟು ವರ್ಷ ದುಡಿದದ್ದು ಯಾತಕ್ಕೆ?” ಎಂದು ಬರೆದಿದ್ದೀಯ.

ದೇವರ ಕೃಪೆ ಅಪಾರ, ಅದನ್ನು ಪ್ರಶ್ನಿಸಬಾರದು ಎಂಬ ಉತ್ತರವನ್ನು ನಿನಗೆ ಈಗಾಗಲೇ ಯಾರೋ ಕೊಟ್ಟಿದ್ದಾರಂತೆ. ಆ ಉತ್ತರ ಬಾಯಿ ಮುಚ್ಚಿಸುತ್ತದೆಯೇ ಹೊರತು ಮನಸ್ಸನ್ನು ಮುಟ್ಟುವುದಿಲ್ಲ. ನಿನ್ನ ಪ್ರಶ್ನೆಯನ್ನು ಶಿಷ್ಯನಾದ ಪೇತ್ರನೇ ಯೇಸುವಿನ ಮುಖಕ್ಕೆ ಕೇಳಿದ್ದಾನೆ: ನಾವು ಎಲ್ಲವನ್ನೂ ಬಿಟ್ಟು ನಿನ್ನನ್ನು ಹಿಂಬಾಲಿಸಿದ್ದೇವಲ್ಲ, ನಮಗೇನು ದೊರಕುವುದು? ಮತ್ತಾಯನ ಸುವಾರ್ತೆಯ ಹತ್ತೊಂಬತ್ತನೆಯ ಅಧ್ಯಾಯದ ಕೊನೆಯಲ್ಲಿ ಆ ಪ್ರಶ್ನೆಯಿದೆ. ಯೇಸು ಅವನನ್ನು ಗದರಿಸಲಿಲ್ಲ. ನೂರರಷ್ಟು ಸಿಗುವುದೆಂದು ಮಾತು ಕೊಟ್ಟು, ಅದರ ಬೆನ್ನಿಗೇ ದ್ರಾಕ್ಷೇತೋಟದ ಕೂಲಿಯಾಳುಗಳ ಸಾಮ್ಯವನ್ನು, ಅಂದರೆ ಬೆಳಗ್ಗೆ ಬಂದ ಆಳಿಗೂ ಸಂಜೆ ಬಂದ ಆಳಿಗೂ ಒಂದೇ ಕೂಲಿ ಕೊಟ್ಟ ಯಜಮಾನನ ದೃಷ್ಟಾಂತಕಥೆಯನ್ನು, ಹೇಳಿದನು. ನಮ್ಮ ಪ್ರಸಂಗಗಳಲ್ಲಿ ಈ ಸಾಮ್ಯವನ್ನು ತಡವಾಗಿ ಬಂದವರಿಗೆ ಸಮಾಧಾನ ಹೇಳಲು ಬಳಸುವುದೇ ಹೆಚ್ಚು. ನನಗೇನೋ ಇದನ್ನು ಮುಖ್ಯವಾಗಿ ಬೆಳಗ್ಗೆಯೇ ಬಂದವರಿಗೆ, ಅಂದರೆ ಪೇತ್ರನಿಗೆ, ನಿನಗೆ, ನನಗೆ ಹೇಳಿದಂತೆ ಕಾಣುತ್ತದೆ.

ನಮ್ಮ ಜಿಲ್ಲೆಯಲ್ಲಿ ಕುಳಿತು ಈ ಅಧ್ಯಾಯವನ್ನು ಓದುವವನಿಗೆ ಒಂದು ಅನುಕೂಲವಿದೆ. ನಂದಿಯ ಸುತ್ತಮುತ್ತ ಕಲ್ಲುಕಂಬ ನೆಟ್ಟು, ತಂತಿ ಎಳೆದು, ಬೆಂಗಳೂರು ಬ್ಲೂ ದ್ರಾಕ್ಷಿಯ ಚಪ್ಪರ ಹಬ್ಬಿಸಿರುವ ತೋಟಗಳನ್ನು ನೀನೂ ನೋಡಿದ್ದೀಯ. ಕಟಾವಿನ ಕಾಲದಲ್ಲಿ ನಸುಕಿಗೇ ಸರ್ಕಲ್ಲಿನಲ್ಲಿ ಆಳುಗಳು ಬಂದು ನಿಲ್ಲುತ್ತಾರೆ. ಮೇಸ್ತ್ರಿ ಬಂದು ಮೊದಲು ಗಟ್ಟಿಮುಟ್ಟಾದವರನ್ನು ಟೆಂಪೋ ಹತ್ತಿಸುತ್ತಾನೆ. ಜೋಡಿಯಾಗಿ ಕೆಲಸ ಮಾಡಿ ಅಭ್ಯಾಸವಿರುವ ಹೆಂಗಸರು ಆಮೇಲೆ. ಬಿಸಿಲು ಏರುವ ಹೊತ್ತಿಗೆ ಉಳಿದಿರುವವರು ಮುದುಕರು, ಕಂಕುಳಲ್ಲಿ ಕೂಸಿರುವ ತಾಯಿ, ಕಾಲು ಎಳೆದುಕೊಂಡು ನಡೆಯುವವನು. ಅವರು ಸೋಮಾರಿಗಳಲ್ಲ. ಊಟದ ಡಬ್ಬಿಯನ್ನು ಟವೆಲಿನಲ್ಲಿ ಸುತ್ತಿಕೊಂಡು, ಬರುವ ಪ್ರತಿಯೊಂದು ಗಾಡಿಯ ಕಡೆಗೂ ಕತ್ತು ಚಾಚಿ, ಅದು ನಿಲ್ಲದೆ ಹೋದಾಗ ಮತ್ತೆ ಅಂಗಡಿಯ ನೆರಳಿಗೆ ಸರಿಯುವುದು ದುಡಿಯುವುದಕ್ಕಿಂತ ಹೆಚ್ಚು ಸುಸ್ತು ತರುವ ಕೆಲಸ. ಸಾಮ್ಯದಲ್ಲಿಯೂ, ದಿನವೆಲ್ಲಾ ಇಲ್ಲಿ ಸುಮ್ಮನೆ ನಿಂತಿರುವುದೇಕೆ ಎಂದು ಯಜಮಾನನು ಕೇಳಿದಾಗ ಅವರು ಕೊಟ್ಟ ಉತ್ತರ ಇಷ್ಟೇ: ನಮ್ಮನ್ನು ಯಾರೂ ಕೂಲಿಗೆ ಕರೆಯಲಿಲ್ಲ.

ಆ ಯಜಮಾನನಿಗೆ ವ್ಯವಹಾರ ನೋಡಿಕೊಳ್ಳುವ ಮನೆವಾರ್ತೆಯವನೊಬ್ಬನಿದ್ದನು. ಸಂಜೆ ಕೂಲಿ ಹಂಚಿದವನು ಅವನೇ. ಆದರೆ ಆಳುಗಳನ್ನು ಕರೆಯಲು ಯಜಮಾನನು ಅವನನ್ನು ಕಳುಹಿಸಲಿಲ್ಲ. ಬೆಳಗಾಗುತ್ತಲೇ ಒಮ್ಮೆ, ಆಮೇಲೆ ಒಂಬತ್ತು, ಹನ್ನೆರಡು, ಮೂರು ಗಂಟೆಗೆ, ಕೊನೆಗೆ ಕೆಲಸ ಮುಗಿಯಲು ಒಂದೇ ತಾಸು ಉಳಿದಿರುವಾಗ ಐದು ಗಂಟೆಗೆ, ತಾನೇ ಎದ್ದು ಪೇಟೆಗೆ ಹೋದನು. ಸಂಜೆ ಐದಕ್ಕೆ ತೋಟಕ್ಕೆ ಹೊಸ ಆಳು ಬಂದು ಮಾಡುವುದೇನಿರುತ್ತದೆ? ಕ್ರೇಟುಗಳಿಗೆ ಹಳೆಯ ಪೇಪರು ಹಾಸುವುದು, ಉದುರಿದ ಹಣ್ಣು ಆರಿಸುವುದು, ಅಷ್ಟೇ. ಕೆಲಸದ ಅಗತ್ಯಕ್ಕಾಗಿ ಯಾವ ತೋಟಗಾರನೂ ಆ ಹೊತ್ತಿನಲ್ಲಿ ಆಳು ಹುಡುಕುವುದಿಲ್ಲ. ಅಲ್ಲಿ ನಿಂತಿದ್ದವರ ಅಗತ್ಯಕ್ಕಾಗಿಯೇ ಅವನು ಹೋದನೆಂದು ನಾನು ಓದಿಕೊಳ್ಳುತ್ತೇನೆ. ಕೂಲಿಯ ವಿಷಯವೂ ಹಾಗೆಯೇ. ದಿನಾರಿಯಸ್ ಎಂಬ ಆ ಬೆಳ್ಳಿ ನಾಣ್ಯ ಒಬ್ಬ ಕೂಲಿಯವನ ಒಂದು ದಿನದ ದುಡಿಮೆ. ಅಂದು ಸಂಜೆ ಮನೆಯಲ್ಲಿ ಒಲೆ ಉರಿಯಬೇಕಾದರೆ ಬೇಕಾದ ಹಣ. ಬಡವನು ಅದನ್ನೇ ನೆಚ್ಚಿಕೊಂಡಿರುವುದರಿಂದ ಹೊತ್ತು ಮುಳುಗುವ ಮೊದಲೇ ಅವನ ಕೂಲಿಯನ್ನು ಕೊಡಬೇಕೆಂದು ಮೋಶೆಯ ಧರ್ಮಶಾಸ್ತ್ರವೂ ಆಜ್ಞಾಪಿಸಿತ್ತು. ಅದರ ಹನ್ನೆರಡರಲ್ಲೊಂದು ಪಾಲನ್ನು ಮನೆಗೆ ಒಯ್ದರೆ ಮಕ್ಕಳ ಹೊಟ್ಟೆ ತುಂಬುವುದಿಲ್ಲ. ಕೃಪೆಗೂ ತುಂಡು ಮಾಡಿ ಹಂಚುವ ಲೆಕ್ಕ ಗೊತ್ತಿಲ್ಲ. ಕ್ಷಮೆ ಹನ್ನೆರಡರಲ್ಲೊಂದು ಪಾಲು ಸಿಕ್ಕಿತೆಂದರೆ ಅದು ಕ್ಷಮೆಯೇ ಆಗಲಿಲ್ಲ.

ಈಗ ನಿನ್ನ ಸಂಕಟಕ್ಕೆ ಬರೋಣ. ಯಜಮಾನನು ಮೊದಲು ಬಂದವರಿಗೆ ಮೊದಲು ಕೊಟ್ಟು ಕಳುಹಿಸಿದ್ದರೆ ಅವರು ಸಂತೋಷದಿಂದ ಮನೆ ಸೇರುತ್ತಿದ್ದರು, ಜಗಳವೇ ಹುಟ್ಟುತ್ತಿರಲಿಲ್ಲ. ಅವನು ಬೇಕೆಂದೇ ಕೊನೆಯವರಿಂದ ಆರಂಭಿಸಲು ಹೇಳಿ, ಮೊದಲಿನವರು ನಿಂತು ನೋಡುವಂತೆ ಮಾಡಿದನು. ಅವರ ದೂರನ್ನು ಗಮನಿಸು: ನಮಗೆ ಕಡಿಮೆ ಕೊಟ್ಟೆ ಎಂದಲ್ಲ, ಹಗಲೆಲ್ಲಾ ಬಿಸಿಲಿನಲ್ಲಿ ಬೆಂದ ನಮಗೆ ಇವರನ್ನು ಸರಿಸಮ ಮಾಡಿದೆಯಲ್ಲಾ ಎಂದು. ಅವರ ಕೈಯಲ್ಲಿದ್ದ ನಾಣ್ಯ ಪಕ್ಕದವನ ಕೈ ನೋಡುವವರೆಗೆ ಪೂರ್ತಿಯಾಗಿತ್ತು, ನೋಡಿದೊಡನೆ ಸವೆದುಹೋಯಿತು.

2018ರಲ್ಲಿ ಸರ್ಕಾರ ರೈತರ ಸಾಲ ಮನ್ನಾ ಘೋಷಿಸಿದಾಗ ಕಂತು ತಪ್ಪದೆ ಕಟ್ಟಿದವರು ಪಟ್ಟ ಸಂಕಟ ನಿನಗೆ ನೆನಪಿರಬಹುದು. ಒಡವೆ ಅಡವಿಟ್ಟಾದರೂ ಸೊಸೈಟಿಯ ಬಾಕಿ ತೀರಿಸಿದವನು, ಕಟ್ಟದೆ ಕುಳಿತ ಪಕ್ಕದ ಹೊಲದವನ ಎದುರು ಪೆದ್ದನಾದೆನೆಂದು ಕೊರಗಿದ. ಸುಸ್ತಿದಾರರಲ್ಲದವರಿಗೂ 25,000 ರೂಪಾಯಿಯವರೆಗೆ ಕೊಡುವುದಾಗಿ ಸರ್ಕಾರ ಆಗ ಹೇಳಬೇಕಾಯಿತು. ನಿನ್ನ ಪತ್ರದ ಧ್ವನಿ ಆ ರೈತನದ್ದೇ, ಅವನ ಕೊರಗಿನಲ್ಲಿ ನ್ಯಾಯವೂ ಇದೆ. ಆದರೆ ಸೊಸೈಟಿಯಲ್ಲಿ ಸಾಲ ಪೂರ್ತಿ ತೀರಿಸಿದವರು ನಿಜವಾಗಿಯೂ ಇರುತ್ತಾರೆ. ದೇವರ ಮುಂದೆ ಅಂಥವರಿಲ್ಲ ಎಂಬುದೇ ನಮ್ಮ ನಂಬಿಕೆಯ ಬುನಾದಿ. ರೋಮಾಪುರದವರಿಗೆ ಬರೆದ ಪತ್ರದ ಮೂರನೆಯ ಅಧ್ಯಾಯದಲ್ಲಿ ಅಪೊಸ್ತಲ ಪೌಲನು ಎಲ್ಲರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದ ಮೇಲೆಯೇ ಕೃಪೆಯ ಮಾತೆತ್ತುತ್ತಾನೆ. ಮನ್ನಾದ ಹೊರೆ ಹೊತ್ತದ್ದು ಯಾರ ಮುಖವನ್ನೂ ಕಾಣದ ಖಜಾನೆ. ಇಲ್ಲಿ ಹೊತ್ತವನಿಗೆ ಹೆಸರಿದೆ, ಗಾಯಗಳಿವೆ.

ನೀನು ಇಲ್ಲಿ ತಡೆಯುತ್ತೀಯೆಂದು ಗೊತ್ತು. ತೋಟದ ಆಳುಗಳನ್ನು ಯಾರೂ ಕರೆದಿರಲಿಲ್ಲ. ಆ ಮನುಷ್ಯನನ್ನೋ ನೀವೆಲ್ಲರೂ ವರ್ಷಗಟ್ಟಲೆ ಕರೆದಿರಿ, ಅವನು ಬಾಗಿಲು ಹಾಕಿಕೊಂಡ. ಒಪ್ಪುತ್ತೇನೆ. ಅವನಿಗೆ ಸಾಮ್ಯದ ಆಳಿಗಿಂತ ಯೇಸುವಿನ ಪಕ್ಕದಲ್ಲಿ ಶಿಲುಬೆಗೇರಿದ್ದ ಕಳ್ಳನೇ ಹತ್ತಿರದವನು. ಲೂಕನು ತನ್ನ ಸುವಾರ್ತೆಯಲ್ಲಿ ಬರೆದಿರುವುದನ್ನು ನಿಧಾನವಾಗಿ ಓದು. ಆ ಕಳ್ಳನು ತನ್ನ ಪರವಾಗಿ ಏನನ್ನೂ ಹೇಳಿಕೊಳ್ಳಲಿಲ್ಲ. ನಮಗಾಗಿರುವುದು ನ್ಯಾಯವೇ ಸರಿ, ಮಾಡಿದ್ದಕ್ಕೆ ತಕ್ಕದ್ದನ್ನು ಹೊಂದುತ್ತಿದ್ದೇವೆ ಎಂದು ಒಪ್ಪಿಕೊಂಡು, ನನ್ನನ್ನು ನೆನಸಿಕೋ ಎಂದಷ್ಟೇ ಕೇಳಿದನು. ಈ ಹೊತ್ತೇ ನನ್ನ ಸಂಗಡ ಪರದೈಸಿನಲ್ಲಿರುವಿ ಎಂಬ ಯೇಸುವಿನ ಮಾತು, ಸ್ವರ್ಗದ ಆ ಭರವಸೆ, ಅವನಿಗೆ ಸಿಕ್ಕಿತು. ಆದರೂ ಅವನನ್ನು ಯಾರೂ ಶಿಲುಬೆಯಿಂದ ಕೆಳಗಿಳಿಸಲಿಲ್ಲ. ಸಂಜೆಗೆ ಸಿಪಾಯಿಗಳು ಬಂದು ಅವನ ಕಾಲುಗಳನ್ನು ಮುರಿದರೆಂದು ಯೋಹಾನನು ಬರೆಯುತ್ತಾನೆ. ಪಾಪ ಕ್ಷಮಿಸಲ್ಪಟ್ಟಿತು, ಶಿಕ್ಷೆ ತನ್ನ ದಾರಿಯಲ್ಲಿ ನಡೆಯಿತು. ಕೃಪೆಯನ್ನು ದೊಡ್ಡದಾಗಿ ಹಾಡುವ ನಮ್ಮ ಸಭೆಗಳಲ್ಲಿ ಈ ಎರಡನೆಯ ಭಾಗವನ್ನು ಹೇಳುವವರು ಕಡಿಮೆ, ಅದು ನನಗೆ ಸರಿಯೆನಿಸುವುದಿಲ್ಲ.

ನಿನೆವೆ ಪಟ್ಟಣವನ್ನು ಎಚ್ಚರಿಸಲು ದೇವರು ಕಳುಹಿಸಿದ ಪ್ರವಾದಿ ಯೋನನಿಗೂ, ಬೇರೆಯವರಿಗೆ ಸಿಗುವ ಕನಿಕರವನ್ನು ಸಹಿಸದ ಇದೇ ರೋಗವಿತ್ತು. ನಿನೆವೆಯವರು ಕ್ರೂರಿಗಳೆಂಬ ಹೆದರಿಕೆಯಿಂದಲ್ಲ, ನೀನು ಕನಿಕರವುಳ್ಳ ದೇವರೆಂದು ತಿಳಿದೇ ದೂರದ ತಾರ್ಷೀಷಿಗೆ ಓಡಿದೆನೆಂದು ನಾಲ್ಕನೆಯ ಅಧ್ಯಾಯದಲ್ಲಿ ಅವನೇ ಬಾಯಿಬಿಡುತ್ತಾನೆ. ದೇವರ ಕೊನೆಯ ಮಾತಿನಲ್ಲಿ ಆ ಊರಿನ ಲಕ್ಷದ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನರ ಜೊತೆಗೆ ದನಕರುಗಳ ಲೆಕ್ಕವೂ ಇದೆ. ಅಷ್ಟು ದೂರದವರೆಗೆ ಹೋಗುವ ಕನಿಕರದ ಎದುರು ನಿಂತ ಪ್ರವಾದಿಗೆ ತನಗೆ ನೆರಳಾಗಿದ್ದ ಬಳ್ಳಿಯೊಂದು ಒಣಗಿತೆಂಬುದೇ ದೊಡ್ಡ ಚಿಂತೆಯಾಗಿತ್ತು!

ನೀನು ಮೆಥೋಡಿಸ್ಟ್ ಸಭೆಯವನು, ಆ ಸಭೆಯ ಮೂಲಪುರುಷ ಜಾನ್ ವೆಸ್ಲಿಯ ವಿಷಯವನ್ನು ನಾನು ನಿನಗೆ ಹೇಳುವುದು ಅಧಿಕಪ್ರಸಂಗವಾದೀತು. ಆದರೂ ಅವನು ಬೆಳಗ್ಗೆಯೇ ತೋಟಕ್ಕೆ ಬಂದವನೆಂಬುದನ್ನು ನೆನಪಿಸುತ್ತೇನೆ. 1728ರಲ್ಲಿ ಗುರುದೀಕ್ಷೆ ಪಡೆದು, ಆಕ್ಸ್‌ಫರ್ಡ್‌ನಲ್ಲಿ ಉಪವಾಸ, ಪ್ರಾರ್ಥನೆ, ಸೆರೆಯವರ ಭೇಟಿ ಎಂದು ನೇಮ ತಪ್ಪದೆ ನಡೆದು, ಸಮುದ್ರ ದಾಟಿ ಜಾರ್ಜಿಯಾದಲ್ಲಿ ಸೇವೆ ಮಾಡಿ, ಸೋತು ಹಿಂದಿರುಗಿದವನು. 1738ರ ಮೇ 24ರ ಸಂಜೆ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಕೂಟದಲ್ಲಿ, ರೋಮಾಪುರದವರ ಪತ್ರಕ್ಕೆ ಜರ್ಮನಿಯ ಸುಧಾರಕ ಲೂಥರನು ಬರೆದ ಮುನ್ನುಡಿಯನ್ನು ಒಬ್ಬರು ಓದುತ್ತಿದ್ದಾಗ, ಕ್ರಿಸ್ತನು ತನ್ನ ಪಾಪಗಳನ್ನೂ ತೆಗೆದುಹಾಕಿದ್ದಾನೆಂಬ ಭರವಸೆ ಅವನಿಗೆ ಬಂತು. ಅಷ್ಟು ದುಡಿದವನೂ ಕೊನೆಗೆ ಸಂಜೆಯವನ ಹಾಗೆಯೇ ಕೈ ಚಾಚಿದನು. ಅದಾದೊಡನೆ ತನ್ನನ್ನು ಹಿಂಸಿಸಿದವರಿಗಾಗಿ ಬಲವಾಗಿ ಪ್ರಾರ್ಥಿಸತೊಡಗಿದೆನೆಂದು ದಿನಚರಿಯಲ್ಲಿ ಬರೆದುಕೊಂಡಿದ್ದಾನೆ. ನಿನ್ನ ದುಡಿಮೆ ವ್ಯರ್ಥವೆಂದು ನಾನು ಹೇಳುತ್ತಿಲ್ಲ. ನೀನು ಇಷ್ಟು ವರ್ಷ ತೋಟದೊಳಗಿದ್ದೆ. ಅವನು ಹೊರಗೆ ಸರ್ಕಲ್ಲಿನಲ್ಲಿ ತನ್ನನ್ನೂ ತನ್ನವರನ್ನೂ ಹಾಳುಮಾಡಿಕೊಳ್ಳುತ್ತಿದ್ದ. ಅವನ ಆ ವರ್ಷಗಳನ್ನು ನಿನ್ನ ವರ್ಷಗಳಿಗೆ ಬದಲಾಗಿ ಕೊಡುತ್ತೇನೆಂದರೆ ನೀನು ತೆಗೆದುಕೊಳ್ಳುತ್ತೀಯಾ?

ಇನ್ನು ಸ್ಮರಣೆಯ ಆರಾಧನೆಯಲ್ಲಿ ವಾಕ್ಯ ಹೇಳಲು ನಿನ್ನನ್ನೇ ಕೇಳಿದ್ದಾರೆಂದೂ ನಿರಾಕರಿಸಬೇಕೆಂದಿರುವೆನೆಂದೂ ಬರೆದಿದ್ದೀಯ. ಒಪ್ಪಿಕೋ ಎಂಬುದು ನನ್ನ ಸಲಹೆ. ಆದರೆ ಅವನನ್ನು ಒಳ್ಳೆಯ ಗಂಡನೆಂದೋ ತಂದೆಯೆಂದೋ ಹೊಗಳಬೇಡ. ಅಲ್ಲಿ ಕುಳಿತಿರುವ ಅವನ ಹೆಂಡತಿಗೆ ಅದು ಇನ್ನೊಂದು ಪೆಟ್ಟಾಗುತ್ತದೆ. ಅವಳು ಅವನನ್ನು ಕ್ಷಮಿಸಿದ್ದಾಳೆಂದು ಅವಳ ಪರವಾಗಿ ನೀನು ಸಾರಲೂಬೇಡ. ದೇವರು ಕ್ಷಮಿಸಿದ್ದು ದೇವರಿಗೂ ಅವನಿಗೂ ಸೇರಿದ ವಿಷಯ. ಆ ತಾಯಿಯ ಗಾಯ ವಾಸಿಯಾಗುವ ವೇಗವನ್ನು ಸಭೆ ನಿಗದಿ ಮಾಡಲಾಗದು.

ಸುಂಕದವನಾದ ಜಕ್ಕಾಯನ ಮನೆಗೆ ರಕ್ಷಣೆ ಬಂದ ದಿನ ಅವನು ಆಸ್ತಿಯಲ್ಲಿ ಅರ್ಧವನ್ನು ಬಡವರಿಗೆ ಕೊಡುತ್ತೇನೆಂದೂ, ಅನ್ಯಾಯವಾಗಿ ಕಿತ್ತುಕೊಂಡದ್ದನ್ನು ನಾಲ್ಕರಷ್ಟು ಹಿಂದಿರುಗಿಸುತ್ತೇನೆಂದೂ ಎದ್ದು ನಿಂತು ಹೇಳಿದನು. ನಿಮ್ಮ ಸಭೆಯವನಿಗೆ ಹಾಗೆ ಎದ್ದು ನಿಲ್ಲುವಷ್ಟು ಸಮಯ ಉಳಿಯಲಿಲ್ಲ. ಉಳಿದವರು ನೀವು. ಅಡವಿನಲ್ಲಿರುವ ಅವಳ ಒಡವೆಯನ್ನು ಬಿಡಿಸಲು ಸಭೆಯ ಸಹಾಯನಿಧಿಯಿಂದ ಆಗುವುದೋ ನೋಡು. ಲೆಕ್ಕದ ಪುಸ್ತಕ ನಿನ್ನ ಕೈಯಲ್ಲೇ ಇದೆ, ಅಯ್ಯನವರು ಬೇಡವೆನ್ನಲಾರರು. ನಿಧಿಯಲ್ಲಿ ಸಾಲದಿದ್ದರೆ ನನಗೆ ತಿಳಿಸು, ನನ್ನ ಪಾಲನ್ನು ಕಳುಹಿಸುತ್ತೇನೆ. ಜಮೀನಿನ ಪತ್ರಗಳನ್ನೂ ಒಮ್ಮೆ ವಕೀಲರಿಗೆ ತೋರಿಸುವುದು ಒಳ್ಳೆಯದು. ತವರಿನಿಂದ ಅವಳ ಹೆಸರಿಗೇ ಬಂದ ಜಮೀನಾಗಿದ್ದರೆ, ಮಾರಾಟಕ್ಕೆ ಅವಳ ಸಹಿ ಹೇಗೆ ಬಿತ್ತೆಂಬುದನ್ನು ಅವರು ವಿಚಾರಿಸಲಿ.

ಮನೆಯವರಿಗೆಲ್ಲ ನನ್ನ ವಂದನೆಗಳನ್ನು ತಿಳಿಸು.

ಇಂತು ನಿನ್ನ,
ಚಿಕ್ಕಬಳ್ಳಾಪುರದ ಗೆಳೆಯ